ಕಾರಿನ ಫ್ಯುಯೆಲ್ ಪಂಪ್ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು? ಕೊಡಗಲ್ಲಿ ಗಾಡಿ ಇಟ್ಕೊಂಡೋರಿಗೆ ಒಂದು ಲೆಕ್ಕ

ಮೊದ್ಲು ಉತ್ತರ ಹೇಳ್ಬಿಡ್ತೀನಿ, ಆಮೇಲೆ ವಿವರ. ಹಿಂದಿನ ಸೀಟ್ ಎತ್ತಿದ್ರೆ ಕೆಳಗೆ ಪಂಪಿನ ಮುಚ್ಚಳ ಸಿಗೋ ಪೆಟ್ರೋಲ್ ಕಾರಾದ್ರೆ ಕೈ ಪಳಗಿದ ಮೆಕ್ಯಾನಿಕ್‌ಗೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ನೀವೇ ಮೊದಲ ಸಲ ಮಾಡ್ತೀರಿ ಅಂದ್ರೆ ಎರಡೂವರೆ, ಮೂರು ಗಂಟೆ ಇಟ್ಕೊಳ್ಳಿ. ಮುಚ್ಚಳ ಇಲ್ದೆ ಟ್ಯಾಂಕನ್ನೇ ಕೆಳಗಿಳಿಸ್ಬೇಕಾದ ಕಾರಾದ್ರೆ ಮೂರರಿಂದ ಐದು ಗಂಟೆ, ಅದೂ ಬೋಲ್ಟ್ ತುಕ್ಕು ಹಿಡಿದು ಕೂತಿಲ್ಲ ಅಂದ್ರೆ. ಹಳೇ ಕಾರ್ಬುರೇಟರ್ ಗಾಡಿಗಳದ್ದು ಇಂಜಿನ್ ಪಕ್ಕದಲ್ಲೇ ಎರಡು ಬೋಲ್ಟಲ್ಲಿ ಕೂತಿರೋ ಪಂಪು, ಅದು ಅರ್ಧ ಗಂಟೆ ಕೆಲ್ಸ.

ಆದ್ರೆ ನನ್ನ ಗಾಡಿಗೆ ಹಿಡಿದಿದ್ದು ಮೂರು ದಿನ.

ಜುಲೈ ತಿಂಗಳು, ಸುಳ್ಯದಿಂದ ವಾಪಸ್ ಬರ್ತಿದ್ದೆ, ಸಂಪಾಜೆ ದಾಟಿ ಘಾಟಿ ಹತ್ತೋಕೆ ಶುರು ಮಾಡಿದ್ಮೇಲೆ ಗಾಡಿ ಎಳೀತಿಲ್ಲ, ಎಕ್ಸಿಲೇಟರ್ ಒತ್ತಿದ್ರೆ ಇನ್ನೂ ಮುಗ್ಗರಿಸತ್ತೆ, ಮದೆನಾಡು ಬರೋದ್ರೊಳಗೆ ಪೂರ್ತಿ ಆಫ್. ಮಳೆ, ಮಂಜು, ಹಿಂದಿಂದ ಲಾರಿಗಳು, ಹೆಂಡತಿ ಟಾರ್ಚ್ ಹಿಡ್ಕೊಂಡು ತಿರುವಲ್ಲಿ ನಿಂತಿದ್ಲು. ಎಳ್ಕೊಂಡು ಹೋಗಿ ಒಂದು ಗ್ಯಾರೇಜಲ್ಲಿ ಬಿಟ್ಟೆ. ಅವ್ರು ಸೆಲ್ಫ್ ಹೊಡೆದು ನೋಡಿ "ಪಂಪ್ ಹೋಗಿದೆ ಅಣ್ಣ" ಅಂದ್ರು. ಪಂಪ್ ಮೈಸೂರಿಂದ ಬರ್ಬೇಕು ಅಂತ ಎರಡು ದಿನ, ಬಂದ್ಮೇಲೆ ಹಾಕಿದ್ದು ಒಂದು ಗಂಟೇಲಿ, ಹಾಕಿ ತಂದ್ಮೇಲೆ ಅದೇ ಸಂಜೆ ಮತ್ತೆ ಆಫ್. ಕೊನೆಗೆ ನಮ್ಮೂರಿನ ಹಳೇ ಮೆಕ್ಯಾನಿಕ್ ಕಾಕ ಬಂದು ಸೀಟ್ ಎತ್ತಿ ಪಂಪಿನ ಕನೆಕ್ಟರ್ ಬಿಚ್ಚಿ ತೋರಿಸಿದ್ರು, ಒಳಗಿನ ಪಿನ್ನೆಲ್ಲ ಹಸಿರು ಕಿಲುಬು. ಬಾಗಿಲ ರಬ್ಬರ್ ಸಂದಿಂದ ಮಳೆನೀರು ಇಳಿದು ಕಾರ್ಪೆಟ್ ಕೆಳಗೆ ನಿಂತಿದ್ದಕ್ಕೆ ಆಗಿದ್ದು. ಅಂದ್ರೆ ಹಳೇ ಪಂಪ್ ಚೆನ್ನಾಗೇ ಇತ್ತು. ದುಡ್ಡಿಗಿಂತ ಆ ಮೂರು ದಿನ ನಂಗೆ ಜಾಸ್ತಿ ನೋವು ಕೊಡ್ತು, ಮನೇಲಿ ವಯಸ್ಸಾದ ಅಮ್ಮ ಇದ್ದಾರೆ, ಮಡಿಕೇರಿ ಆಸ್ಪತ್ರೆಗೆ ಹೋಗ್ಬೇಕಿತ್ತು.

ಹಾಗಾಗಿ ಎಷ್ಟು ಹೊತ್ತು ಅಂತ ಕೇಳೋರಿಗೆ ನಾನು ಹೇಳೋದು, ಪಂಪ್ ಬಿಚ್ಚಿ ಹಾಕೋ ಹೊತ್ತು ಬೇರೆ, ಗಾಡಿ ಮನೇಗೆ ವಾಪಸ್ ಬರೋ ಹೊತ್ತು ಬೇರೆ. ನಮ್ಮ ಜಿಲ್ಲೇಲಿ ಎರಡನೇದೇ ದೊಡ್ಡದು. ಅದನ್ನ ಕಮ್ಮಿ ಮಾಡ್ಕೊಳೋದು ನಮ್ಮ ಕೈಲಿದೆ.

ಮೊದಲ ಅರ್ಧ ಗಂಟೆ: ಪಂಪೇ ಹೋಗಿದ್ಯಾ ನೋಡಿ

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಇದನ್ನ ಬಿಟ್ಟು ಮುಂದೆ ಹೋಗ್ಲೇಬೇಡಿ. ಹಿಂದಿನ ಸೀಟಲ್ಲಿ ಒಬ್ಬರನ್ನ ಕೂರಿಸಿ, ಫ್ಯಾನು ರೇಡಿಯೋ ಎಲ್ಲ ಆಫ್ ಮಾಡಿ, ಕೀ ಆನ್ ಮಾಡಿ, ಸೆಲ್ಫ್ ಹೊಡೀಬೇಡಿ. ಸೀಟ್ ಕೆಳಗಿಂದ ಎರಡು ಸೆಕೆಂಡ್ ಅಷ್ಟು "ಗುಂಯ್" ಅಂತ ಸದ್ದು ಬಂದು ನಿಲ್ಬೇಕು. ಅದು ಪಂಪ್ ಲೈನಿಗೆ ಪ್ರೆಷರ್ ತುಂಬೋ ಸದ್ದು. ಸದ್ದೇ ಇಲ್ಲ ಅಂದ್ರೆ ಪಂಪ್ ಸತ್ತಿರಬಹುದು, ಇಲ್ಲಾ ಅದಕ್ಕೆ ಕರೆಂಟ್ ಹೋಗ್ತಿಲ್ಲ. ಸದ್ದು ಬಂದ್ರೂ ಎಳೀತಿಲ್ಲ ಅಂದ್ರೆ ಪಂಪ್ ಸೋತಿರಬಹುದು, ಫಿಲ್ಟರ್ ಕಟ್ಟಿರಬಹುದು, ಪ್ರೆಷರ್ ನೋಡದೆ ಹೇಳೋಕಾಗಲ್ಲ.

ಸದ್ದು ಬರದೇ ಇದ್ರೆ ಮೊದ್ಲು ಫ್ಯೂಸ್ ನೋಡಿ. ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೇ ಯಾವ್ದು ಯಾವುದರದ್ದು ಅಂತ ಚಿತ್ರ ಇರತ್ತೆ. ಆಮೇಲೆ ರಿಲೇ, ಅಂದ್ರೆ ಪಂಪಿಗೆ ಕರೆಂಟ್ ಬಿಡೋ ಪುಟ್ಟ ಸ್ವಿಚ್ ಡಬ್ಬಿ. ತುಂಬಾ ಕಾರಲ್ಲಿ ಹಾರ್ನ್ ರಿಲೇನೂ ಪಂಪ್ ರಿಲೇನೂ ಒಂದೇ ನಂಬರಿಂದು, ಮೈಮೇಲೆ ಬರೆದಿರೋ ನಂಬರ್ ಒಂದೇ ಇದ್ರೆ ಅದಲು ಬದಲು ಮಾಡಿ ನೋಡಿ, ಗಾಡಿ ಸ್ಟಾರ್ಟ್ ಆಯ್ತು ಅಂದ್ರೆ ನಿಮ್ಮ ಕೆಲ್ಸ ಐದು ನಿಮಿಷದಲ್ಲಿ ಮುಗೀತು. ಕೆಲವು ಕಾರಲ್ಲಿ ಜೋರಾಗಿ ಗುದ್ದಿದ್ರೆ ಪೆಟ್ರೋಲ್ ಕಟ್ ಮಾಡೋ ಒಂದು ಸ್ವಿಚ್ ಇರತ್ತೆ, ತೋಟದ ರಸ್ತೆ ಗುಂಡಿಗೆ ಬಿದ್ದಾಗಲೂ ಅದು ಎಗರಬಹುದು, ಇದ್ಯಾ ಅಂತ ಗಾಡಿ ಪುಸ್ತಕದಲ್ಲಿ ನೋಡ್ಕೊಳ್ಳಿ.

ಆಮೇಲೆ ವೈರು. ಇಲ್ಲಿ ಇಲಿ ಕಾಟ ಗೊತ್ತಲ್ಲ, ಮಳೆಗಾಲದಲ್ಲಿ ಶೆಡ್ಡಲ್ಲಿ ನಾಲ್ಕು ದಿನ ಗಾಡಿ ನಿಂತ್ರೆ ಸಾಕು, ಬೆಚ್ಚಗಿರತ್ತೆ ಅಂತ ಒಳಗೆ ಹೊಕ್ಕು ವೈರ್ ಕಡೀತವೆ. ಬೋನೆಟ್ ಒಳಗೂ ನೋಡಿ, ಟ್ಯಾಂಕ್ ಪಕ್ಕದ ವೈರೂ ನೋಡಿ. ಪಂಪಿನ ಕನೆಕ್ಟರ್ ಬಿಚ್ಚಿ ಕಿಲುಬು ಇದ್ಯಾ ನೋಡಿ, ನನ್ನ ಕಥೆ ನೆನಪಿರಲಿ. ಮಲ್ಟಿಮೀಟರ್ ಇದ್ರೆ ಕೀ ಆನ್ ಮಾಡಿದ ಆ ಎರಡು ಸೆಕೆಂಡಲ್ಲಿ, ಇಲ್ಲಾ ಒಬ್ಬರು ಸೆಲ್ಫ್ ಹೊಡೀತಿರುವಾಗ, ಕನೆಕ್ಟರಿನ ಪಂಪ್ ವೈರಿಗೆ ಬ್ಯಾಟರಿಯಷ್ಟೇ, ಅಂದ್ರೆ 12 ವೋಲ್ಟ್ ಹತ್ರ ಬರ್ತಿದ್ಯಾ ನೋಡಿ, ಅರ್ತ್ ವೈರೂ ಸರಿ ಇದ್ಯಾ ನೋಡಿ. ಎರಡೂ ಸರಿ ಇದ್ದು ಪಂಪ್ ತಿರುಗ್ತಿಲ್ಲ ಅಂದ್ರೆ ಆಗ ಮಾತ್ರ ಪಂಪ್ ಹೋಗಿದೆ ಅನ್ನಿ. ಈ ಟೆಸ್ಟೆಲ್ಲ ಪಂಪ್ ಟ್ಯಾಂಕಲ್ಲಿ ಭದ್ರವಾಗಿ ಕೂತಿರುವಾಗಲೇ ಮಾಡ್ಬೇಕು, ಟ್ಯಾಂಕ್ ಬಾಯಿ ತೆರೆದ್ಮೇಲೆ ಕರೆಂಟಿನ ಯಾವ ಕೆಲ್ಸಾನೂ ಬೇಡ.

ದಾರೀಲಿ ಸಿಕ್ಕಾಕ್ಕೊಂಡಾಗ ಒಂದು ಉಪಾಯ ಇದೆ. ಒಬ್ಬರು ಸೆಲ್ಫ್ ಹೊಡೀತಿರುವಾಗ ಇನ್ನೊಬ್ಬರು ಟ್ಯಾಂಕ್ ತಳಕ್ಕೆ ಮರದ ತುಂಡಲ್ಲಿ ಮೆಲ್ಲಗೆ ತಟ್ಟೋದು. ಸ್ಟಾರ್ಟ್ ಆಯ್ತು ಅಂದ್ರೆ ಹೆಚ್ಚಾಗಿ ಪಂಪಿನ ಮೋಟರ್ ಒಳಗೆ ಕರೆಂಟ್ ಮುಟ್ಟಿಸೋ ಬ್ರಷ್ ಸವೆದಿರತ್ತೆ, ಮನೆಗೋ ಗ್ಯಾರೇಜಿಗೋ ಮುಟ್ಟಿಸಿ, ಘಾಟಿ ಹತ್ತೋ ಯೋಚನೆ ಬೇಡ.

ಗ್ಯಾರೇಜಿಗೆ ಬಿಡೋದಾದ್ರೆ ಒಂದೇ ಪ್ರಶ್ನೆ ಕೇಳಿ: "ಅಣ್ಣ, ಪ್ರೆಷರ್ ಗೇಜ್ ಹಾಕಿ ನೋಡಿದ್ರಾ, ಎಷ್ಟು ಬಂತು?" ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್ ಕಾರಲ್ಲಿ 3 ಬಾರ್ ಆಸುಪಾಸು ಇರತ್ತೆ, ಕೆಲವಲ್ಲಿ 4ರ ಹತ್ರ, ಸರಿಯಾದ ಅಂಕಿ ಆಯಾ ಗಾಡಿ ಸರ್ವಿಸ್ ಪುಸ್ತಕದಲ್ಲಿ ಇರತ್ತೆ. ಗೇಜ್ ಹಾಕಿದೋರು ಅಂಕಿ ಹೇಳ್ತಾರೆ. ಹಾಕದೆ ಪಂಪ್ ಹೋಗಿದೆ ಅನ್ನೋರ ಹತ್ರ ಹಾಕಿಸಿ, ಹದಿನೈದು ನಿಮಿಷದ ಕೆಲ್ಸ ಅದು.

ಪಾರ್ಟ್ ತರಿಸೋದು: ನಿಜವಾದ ಹೊತ್ತು ಹೋಗೋದಿಲ್ಲಿ

ನಮ್ಮ ಜಿಲ್ಲೇಲಿ ರೈಲಿಲ್ಲ, ಸ್ಪೇರ್ ಪಾರ್ಟ್ ಬರೋದೆಲ್ಲ ರಸ್ತೇಲೇ. ಹೆಚ್ಚಾಗಿ ಓಡೋ ಕಾರುಗಳ ಪಂಪ್ ಕುಶಾಲನಗರ, ಗೋಣಿಕೊಪ್ಪ, ಮಡಿಕೇರಿ ಅಂಗಡೀಲಿ ಕೇಳಿ ನೋಡಿ, ಅದೃಷ್ಟ ಇದ್ರೆ ಸಿಗತ್ತೆ. ಇಲ್ಲಾಂದ್ರೆ ಮೈಸೂರು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬಸ್ಸಲ್ಲಿ ಹಾಕಿಸ್ಕೊಂಡ್ರೆ ಮಾರನೇ ದಿನ ಕೈಗೆ. ಶನಿವಾರ ಸಂಜೆ ಹೇಳಿದ್ರೆ ಸೋಮವಾರದವರೆಗೆ ಮಾತಿಲ್ಲ. ಕೈಲ್‌ಪೊಳ್ದ್, ಪುತ್ತರಿ ಹತ್ರ ಬಂತು ಅಂದ್ರೆ ಇನ್ನೂ ಎರಡು ದಿನ ಸೇರಿಸ್ಕೊಳ್ಳಿ, ಗ್ಯಾರೇಜ್ ಹುಡುಗ್ರೂ ಹಬ್ಬಕ್ಕೆ ಹೋಗ್ತಾರೆ, ಅವ್ರೂ ಮನುಷ್ಯರೇ. ಜೋರು ಮಳೇಲಿ ಮರ ಬಿದ್ದು, ಗುಡ್ಡ ಜರಿದು ರಸ್ತೆ ಕಟ್ ಆದ್ರೆ ಕೇಳೋದೇ ಬೇಡ, 2018ರ ಆಗಸ್ಟಲ್ಲಿ ನೋಡಿದ್ದೀವಲ್ಲ.

ಆರ್ಡರ್ ಹೇಳುವಾಗ ಗಾಡಿ ಹೆಸರು, ವರ್ಷ ಅಷ್ಟೇ ಹೇಳ್ಬೇಡಿ, ಚಾಸಿ ನಂಬರ್ ಕೊಡಿ. ಒಂದೇ ಹೆಸರಿನ ಕಾರಲ್ಲಿ ಮಧ್ಯದಲ್ಲಿ ಪಂಪ್ ಬದಲಾಗಿರತ್ತೆ, ಕನೆಕ್ಟರ್ ಬೇರೆ, ಪೆಟ್ರೋಲ್ ಎಷ್ಟಿದೆ ಅಂತ ಮೀಟರಿಗೆ ಹೇಳೋ ಫ್ಲೋಟ್ ಬೇರೆ. ತಪ್ಪು ಪಾರ್ಟ್ ಬಂತು ಅಂದ್ರೆ ಇನ್ನೆರಡು ದಿನ. ಪಂಪಿನ ಮೋಟರ್ ಮಾತ್ರ ಬೇಕಾ, ಫ್ಲೋಟು ಫಿಲ್ಟರ್ ಎಲ್ಲ ಸೇರಿದ ಪೂರ್ತಿ ಅಸೆಂಬ್ಲಿ ಬೇಕಾ ಅಂತಾನೂ ಕೇಳ್ತಾರೆ. ಮೋಟರ್ ಕಮ್ಮಿ ರೇಟು, ಆದ್ರೆ ಹಳೇ ಪ್ಲಾಸ್ಟಿಕ್ ಗೂಡಿಂದ ಬಿಚ್ಚಿ ಹೊಸದು ಕೂರಿಸೋಕೆ ಅರ್ಧ ಗಂಟೆ ಜಾಸ್ತಿ, ಹಳೇ ಗಾಡೀಲಿ ಆ ಪ್ಲಾಸ್ಟಿಕ್ ಲಾಕ್‌ಗಳು ಮುಟ್ಟಿದ್ರೆ ಮುರಿಯತ್ತೆ. ಹತ್ತು ವರ್ಷ ದಾಟಿದ ಗಾಡಿ ಆದ್ರೆ ಅಸೆಂಬ್ಲಿನೇ ಹಾಕಿ ಅನ್ನೋದು ನನ್ನ ಅಭಿಪ್ರಾಯ. ಏನೇ ತರಿಸಿದ್ರೂ ಜೊತೆಗೆ ಮುಚ್ಚಳದ ಓ ರಿಂಗ್, ಅಂದ್ರೆ ಪೆಟ್ರೋಲ್ ಸೋರದ ಹಾಗೆ ಹಿಡಿಯೋ ರಬ್ಬರ್ ಉಂಗುರ, ಹೊಸದು ತರಿಸ್ಲೇಬೇಕು. ಹಳೇ ರಿಂಗ್ ಪೆಟ್ರೋಲಲ್ಲಿ ಉಬ್ಬಿರತ್ತೆ, ಮತ್ತೆ ಅದರ ಜಾಗದಲ್ಲಿ ಕೂರಲ್ಲ.

ಪಾರ್ಟ್ ಕೈಗೆ ಬರೋವರೆಗೆ ಗಾಡಿ ಬಿಚ್ಚಬೇಡಿ, ಟ್ಯಾಂಕ್ ಬಾಯಿ ತೆರೆದಿಟ್ಟು ರಾತ್ರಿ ಕಳೆಯೋದು ಯಾವ ಮನೆಗೂ ಒಳ್ಳೇದಲ್ಲ.

ಜಾಗ, ಪೆಟ್ರೋಲು, ಬೆಂಕಿ

ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಇಲ್ಲಿ ತಪ್ಪಿದ್ರೆ ಮನೆ ಹೋಗತ್ತೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲೆ ಹೋಗಲ್ಲ, ನೆಲದ ಮೇಲೆ ನೀರಿನ ಥರ ಹರಿದು ತಗ್ಗಲ್ಲಿ ನಿಲ್ಲತ್ತೆ. ನಮ್ಮ ಕಡೆ ಮನೆಗಳಲ್ಲಿ ಕಾರ್ ಶೆಡ್ ಪಕ್ಕದಲ್ಲೇ ಬಚ್ಚಲು ಮನೆ, ಮಳೆಗಾಲದಲ್ಲಿ ಹಂಡೆ ಒಲೆ ಬೆಳಿಗ್ಗೆಯಿಂದ ರಾತ್ರಿವರೆಗೆ ಹೊಗೆಯಾಡ್ತಾನೇ ಇರತ್ತೆ. ಶೆಡ್ಡಿಂದ ಬಚ್ಚಲ ಕಡೆ ನೆಲ ಇಳಿಜಾರಿದ್ರಂತೂ ಆವಿ ನೇರ ಒಲೆ ಬುಡಕ್ಕೆ ಹೋಗತ್ತೆ. ಆ ದಿನ ಒಲೆ ಪೂರ್ತಿ ಆರಿಸಿ, ಕೆಂಡಕ್ಕೂ ನೀರು ಹಾಕಿ, ಮನೆಯೋರಿಗೆಲ್ಲ ಹೇಳಿ, ಬೀಡಿ ಸಿಗರೇಟ್ ಹತ್ರ ಸುಳೀಬಾರ್ದು. ಬಾಗಿಲು ಹಾಕಿದ ಶೆಡ್ ಬೇಡ, ಮೇಲೆ ಮಾಡು ಇದ್ದು ನಾಲ್ಕೂ ಕಡೆ ಗಾಳಿ ಆಡೋ ಜಾಗ ಬೇಕು. ಬೆಳಕಿಗೆ ಬಲ್ಬ್ ಎಳ್ಕೊಂಡು ಬರ್ಬೇಡಿ, ಹಗಲಲ್ಲೇ ಮಾಡಿ.

ಕಾಫಿ ಕಣ ಸಮತಟ್ಟಾಗಿದೆ ಅಂತ ಅಲ್ಲೇ ಮಾಡೋಣ ಅನ್ಸತ್ತೆ, ನಂಗೂ ಅನ್ಸಿತ್ತು. ಬೇಡ. ಒಂದು ಲೋಟ ಪೆಟ್ರೋಲ್ ಚೆಲ್ಲಿದ್ರೂ ವಾಸನೆ ಸಿಮೆಂಟಿಗೆ ಇಳಿಯತ್ತೆ, ಕಾಫಿ ಸುತ್ತಮುತ್ತಲ ವಾಸನೆ ಬೇಗ ಎಳ್ಕೊಳತ್ತೆ, ವರ್ಷದ ಬೆಳೆ ಹಾಳು ಮಾಡ್ಕೋಬೇಡಿ. ಮನೆ ಮುಂದೆ ಸ್ವಲ್ಪ ಸಮತಟ್ಟಾದ ಜಾಗ ನೋಡಿ ಚಕ್ರಕ್ಕೆ ಕಲ್ಲು ಕೊಡಿ. ಕೈಗೆಟಕೋ ದೂರದಲ್ಲಿ ಬೆಂಕಿ ಆರಿಸೋ ಪೌಡರ್ ಸಿಲಿಂಡರ್ ಇರಲಿ, ಇಲ್ಲ ಅಂದ್ರೆ ಎರಡು ಬಕೆಟ್ ಒಣ ಮರಳು. ಪೆಟ್ರೋಲ್ ಬೆಂಕಿಗೆ ನೀರು ಹಾಕ್ಬಾರ್ದು, ಹರಡತ್ತೆ.

ಟ್ಯಾಂಕಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಮ್ಮಿ ಇದ್ರೆ ಒಳ್ಳೇದು. ತುಂಬಿದ್ರೆ ಮುಚ್ಚಳ ತೆಗೆದಾಗ ಉಕ್ಕತ್ತೆ, ಟ್ಯಾಂಕ್ ಇಳಿಸೋದಾದ್ರೆ 35 ಲೀಟರ್ ಪೆಟ್ರೋಲೇ 26 ಕೆಜಿ ತೂಗತ್ತೆ, ಮೇಲಿಂದ ಟ್ಯಾಂಕಿನ ಭಾರ ಬೇರೆ. ತೆಗೆಯೋಕೆ ಕೈ ಪಂಪ್ ಬಳಸಿ, ಪೈಪಿಗೆ ಬಾಯಿ ಹಾಕಿ ಎಳೀಬೇಡಿ, ಪುಪ್ಪುಸಕ್ಕೆ ಹೋದ್ರೆ ಜೀವಕ್ಕೇ ಕುತ್ತು. ಕ್ಯಾನ್ ನೆಲದ ಮೇಲಿಟ್ಟೇ ತುಂಬಿಸಿ, ಸೀಟ್ ಮೇಲೋ ಡಿಕ್ಕಿ ಒಳಗೋ ಇಟ್ಟು ತುಂಬಿಸಿದ್ರೆ ಸ್ಟ್ಯಾಟಿಕ್ ಕಿಡಿ ಹಾರಬಹುದು. ಇದಕ್ಕೆಲ್ಲ ಸೇರಿ ಮುಕ್ಕಾಲು ಗಂಟೆ.

ಈಗ ಕೆಲಸ

ಮೊದ್ಲು ಲೈನಲ್ಲಿರೋ ಪ್ರೆಷರ್ ಇಳಿಸ್ಬೇಕು. ಗಾಡಿ ಇನ್ನೂ ಸ್ಟಾರ್ಟ್ ಆಗ್ತಿದೆ ಅಂದ್ರೆ ಪಂಪಿನ ಫ್ಯೂಸ್ ಕಿತ್ತು ಸ್ಟಾರ್ಟ್ ಮಾಡಿ ಅದಾಗೇ ಆಫ್ ಆಗೋವರೆಗೆ ಬಿಡಿ, ಆಮೇಲೆ ಒಂದೆರಡು ಸಲ ಸೆಲ್ಫ್ ಹೊಡೀರಿ. ಸ್ಟಾರ್ಟ್ ಆಗದ ಗಾಡಿಯಾದ್ರೂ ಫ್ಯೂಸ್ ಕಿತ್ತು ಸೆಲ್ಫ್ ಹೊಡೀರಿ, ಸ್ವಲ್ಪ ಹೊತ್ತು ಬಿಡಿ, ಆದ್ರೂ ಪೈಪ್ ಬಿಚ್ಚುವಾಗ ಬಟ್ಟೆ ಸುತ್ತೇ ಬಿಚ್ಚಿ. ಇದಾದ್ಮೇಲೆ ಬ್ಯಾಟರಿ ನೆಗೆಟಿವ್ ತೆಗೀರಿ. ಪೆಟ್ರೋಲ್ ಮುಚ್ಚಳ ಒಂದ್ಸಲ ತಿರುಗಿಸಿ ಗಾಳಿ ಬಿಡಿ. ಹತ್ತು ನಿಮಿಷ.

ಹಿಂದಿನ ಸೀಟಿನ ಕೂರೋ ಭಾಗ ಹೆಚ್ಚಾಗಿ ಮುಂದಿನ ಅಂಚಲ್ಲಿ ಲಾಕ್ ಇರತ್ತೆ, ಮೇಲಕ್ಕೆ ಗಟ್ಟಿ ಎಳೆದ್ರೆ ಬರತ್ತೆ, ಕೆಲವಕ್ಕೆ ಬೋಲ್ಟ್. ಕೆಳಗೆ ತಗಡಿನ ಇಲ್ಲಾ ಪ್ಲಾಸ್ಟಿಕ್ ಮುಚ್ಚಳ, ಮೂರು ನಾಲ್ಕು ಸ್ಕ್ರೂ. ಅದನ್ನ ತೆಗೆದ್ರೆ ಪಂಪಿನ ತಲೆ ಕಾಣತ್ತೆ, ಮೇಲೆ ಧೂಳು, ಕೆಂಪು ಮಣ್ಣು, ಒಣಗಿದ ಎಲೆ, ಇಲಿ ತಂದಿಟ್ಟ ಹತ್ತಿ ಎಲ್ಲ ಇರತ್ತೆ. ಇಲ್ಲಿ ಆತುರ ಬೇಡ. ಹದಿನೈದು ನಿಮಿಷ ಬ್ರಷ್ಷು ಬಟ್ಟೆ ಹಿಡ್ಕೊಂಡು ಪೂರ್ತಿ ಕ್ಲೀನ್ ಮಾಡಿ. ಇಲ್ಲಿ ಬಿಟ್ಟ ಮಣ್ಣು ಟ್ಯಾಂಕಿಗೆ ಬಿದ್ದು ಹೊಸ ಪಂಪಿನ ಜಾಲರಿಗೇ ಹೋಗಿ ಕೂರತ್ತೆ. ಮೆಕ್ಯಾನಿಕ್ ಮುಕ್ಕಾಲು ಗಂಟೇಲಿ ಮುಗಿಸ್ತೀನಿ ಅಂದ್ರೆ ಹೆಚ್ಚಾಗಿ ಬಿಟ್ಟೋಗೋದು ಇದೇ ಹೆಜ್ಜೆ, ಪಕ್ಕದಲ್ಲಿ ನಿಂತು ಮಾಡಿಸ್ಕೊಳ್ಳಿ.

ಕನೆಕ್ಟರ್ ಬಿಚ್ಚಿ. ಪೈಪುಗಳ ಫೋಟೋ ಬಿಚ್ಚೋಕೆ ಮೊದ್ಲೇ ತೆಗೆದಿಟ್ಕೊಂಡು ಮೊಬೈಲ್ ಒಳಗಿಟ್ಟು ಬನ್ನಿ. ಪೈಪಿನ ಕ್ಲಿಪ್ ಎರಡು ಕಡೆ ಒತ್ತಿ ಎಳೆಯೋ ಥರದ್ದು, ಬರಲಿಲ್ಲ ಅಂತ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಪಂಪಿನ ತಲೇಲಿರೋ ಪ್ಲಾಸ್ಟಿಕ್ ಮೂತಿ ಮುರಿಯತ್ತೆ. ಪೈಪನ್ನ ಒಂದ್ಸಲ ಒಳಗೆ ಒತ್ತಿ ಆಮೇಲೆ ಕ್ಲಿಪ್ ಒತ್ತಿ ಎಳೆದ್ರೆ ಸುಲಭ.

ಆಮೇಲೆ ಪಂಪ್ ಹಿಡಿದಿರೋ ದೊಡ್ಡ ಬಳೆ. ಕೆಲವಕ್ಕೆ ಆರೆಂಟು ಬೋಲ್ಟ್ ಇರತ್ತೆ, ಕೆಲವಕ್ಕೆ ತಿರುಗಿಸೋ ಬಳೆ. ಬಳೆಗೆ ಸ್ಪೆಷಲ್ ಟೂಲ್ ಬರತ್ತೆ, ಇಲ್ಲ ಅಂದ್ರೆ ಮರದ ತುಂಡು ಕೊಟ್ಟು ಮೆಲ್ಲಗೆ ಸುತ್ತಲೂ ತಟ್ಟಿ ತಿರುಗಿಸಿ, ಕಬ್ಬಿಣದ ಉಳಿ ಸುತ್ತಿಗೆ ಬೇಡವೇ ಬೇಡ, ಒಂದು ಕಿಡಿ ಸಾಕು. ತುಕ್ಕು ಹಿಡಿದಿದ್ರೆ ಈ ಹೆಜ್ಜೆ ಐದು ನಿಮಿಷದಿಂದ ಮುಕ್ಕಾಲು ಗಂಟೆಗೆ ಹೋಗಬಹುದು. ಬಳೆ ಬಂದ್ಮೇಲೆ ಪಂಪನ್ನ ನೇರ ಮೇಲೆ ಎಳೀಬೇಡಿ, ಸ್ವಲ್ಪ ಎತ್ತಿ ಒಳಗಿನ ಪೆಟ್ರೋಲ್ ಸುರಿಯೋಕೆ ಬಿಟ್ಟು, ವಾಲಿಸ್ಕೊಂಡು ಫ್ಲೋಟಿನ ಕಡ್ಡಿ ತಾಗದ ಹಾಗೆ ಹೊರಗೆ ತೆಗೀರಿ. ಆ ಕಡ್ಡಿ ಬಾಗಿದ್ರೆ ಪೆಟ್ರೋಲ್ ಮೀಟರ್ ಜೀವಮಾನ ಪೂರ್ತಿ ಸುಳ್ಳು ತೋರಿಸತ್ತೆ. ಟ್ಯಾಂಕ್ ಬಾಯಿಗೆ ತಕ್ಷಣ ದಪ್ಪ ಬಟ್ಟೆ ಮುಚ್ಚಿ.

ಹೊಸದನ್ನೂ ಹಳೇದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎತ್ತರ, ಮೂತಿ, ಕನೆಕ್ಟರ್, ಎಲ್ಲಾ ಒಂದೇ ಇರ್ಬೇಕು. ಹೊಸ ಓ ರಿಂಗಿಗೆ ಚೂರು ಪೆಟ್ರೋಲ್ ಸವರಿ ಕೂರಿಸಿ, ಗ್ರೀಸ್ ಬೇಡ. ಪಂಪ್ ಮೇಲಿನ ಬಾಣದ ಗುರುತು ಟ್ಯಾಂಕಿನ ಗುರುತಿಗೆ ಸರಿಯಾಗಿ ಬರ್ಬೇಕು. ಬೋಲ್ಟ್ ಇದ್ರೆ ಎದುರು ಬದುರು ಬಿಗಿಯುತ್ತಾ ಬನ್ನಿ, ಒಂದೇ ಕಡೆಯಿಂದ ಬಿಗಿದ್ರೆ ರಿಂಗ್ ಹಿಸುಕತ್ತೆ. ಪೈಪ್ "ಟಕ್" ಅನ್ನೋವರೆಗೆ ಒತ್ತಿ, ಒಂದ್ಸಲ ಎಳೆದು ನೋಡಿ. ಅರ್ಧ ಗಂಟೆ.

ಟ್ಯಾಂಕ್ ಇಳಿಸೋ ಗಾಡಿಯಾದ್ರೆ

ಇದು ಮನೇಲಿ ಮಾಡೋ ಕೆಲ್ಸ ಅಂತ ನಾನು ಹೇಳಲ್ಲ. ರ‍್ಯಾಂಪ್ ಇರೋ ಗ್ಯಾರೇಜೇ ಸರಿ. ಟ್ಯಾಂಕ್ ಕಟ್ಟಿರೋ ಪಟ್ಟಿಯ ಬೋಲ್ಟ್‌ಗಳು ನಮ್ಮ ಮಳೆಗೆ, ಕೆಸರಿಗೆ ಹಿಡಿದು ಕೂತಿರತ್ತೆ, ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡೋಕೆ ಹೇಳಿ, ಇಲ್ಲಾಂದ್ರೆ ಬೋಲ್ಟ್ ಮುರಿದು ಡ್ರಿಲ್ ಮಾಡೋ ಪರಿಸ್ಥಿತಿ ಬರತ್ತೆ, ಟ್ಯಾಂಕ್ ಪಕ್ಕ ಡ್ರಿಲ್ ಅನ್ನೋದು ಯಾರಿಗೂ ಬೇಡ. ಇಬ್ಬರು ಬೇಕು, ಅರ್ಧ ದಿನ ಬೇಕು. ಇಳಿಸಿದ್ದೇ ಇಳಿಸಿದ್ದು, ತುಂಬೋ ಕಡೆಯ ರಬ್ಬರ್ ಪೈಪೂ ನೋಡಿಸಿ. 20 ಪರ್ಸೆಂಟ್ ಎಥೆನಾಲ್ ಸೇರಿದ ಪೆಟ್ರೋಲ್ ಬಂದ್ಮೇಲೆ ಹಳೇ ಗಾಡಿ ರಬ್ಬರ್ ಬಗ್ಗೆ ಸ್ವಲ್ಪ ಕಣ್ಣಿಡೋದು ಒಳ್ಳೇದು, ಅದಕ್ಕೆ ಅಂತ ಮಾಡಿದ ರಬ್ಬರಲ್ಲ ಅದು. ಎಥೆನಾಲ್ ನೀರನ್ನೂ ಎಳ್ಕೊಳತ್ತೆ, ಜಾಸ್ತಿ ನೀರು ಸೇರಿದ್ರೆ ಬೇರೆಯಾಗಿ ತಳಕ್ಕೆ ಇಳಿಯತ್ತೆ, ಪಂಪ್ ಕೂತಿರೋದೂ ತಳದಲ್ಲೇ. ಕಳೆ ಕೊಚ್ಚೋ ಮೆಷಿನ್ನಿಗೆ ಅಂತ ತಿಂಗಳುಗಟ್ಟಲೆ ಕ್ಯಾನಲ್ಲಿಟ್ಟ ಪೆಟ್ರೋಲನ್ನ ಕಾರಿಗೆ ಸುರಿಯೋ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ, ದಯವಿಟ್ಟು ಬಿಡಿ.

ಡೀಸೆಲ್ ಗಾಡಿಯೋರಿಗೆ ಈ ಲೆಕ್ಕ ಯಾವ್ದೂ ಹೊಂದಲ್ಲ. ಅದರ ಹೈ ಪ್ರೆಷರ್ ಪಂಪ್ ಇಂಜಿನ್ನಿಗೇ ಕೂತಿರತ್ತೆ, ಅದನ್ನ ಮನೇಲಿ ಮುಟ್ಟಬೇಡಿ, ಪಂಪ್ ರಿಪೇರಿಗೆ ಹೋದ್ರೆ ದಿನಗಳ ಲೆಕ್ಕ. ಕಾರ್ಬುರೇಟರ್ ಕಾಲದ ಗಾಡಿ ಇನ್ನೂ ಪ್ರೀತಿಯಿಂದ ಇಟ್ಕೊಂಡೋರು ಒಂದು ನೆನಪಿಟ್ಕೊಳ್ಳಿ, ಕೆಳಗಿನ ಸೆಕೆಯಿಂದ ಸಂಪಾಜೆ ಘಾಟಿ ಸುಮಾರು 1000 ಮೀಟರ್ ಹತ್ತುವಾಗ ನಿಂತುಹೋದ್ರೆ ಅದು ಪಂಪ್ ಹಾಳಾಗಿದ್ದೇ ಅಂತಿಲ್ಲ, ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿ ಆಗಿರಬಹುದು, ಹಾಗಾಗಿದ್ರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಇಪ್ಪತ್ತು ನಿಮಿಷ ಕೂತ್ರೆ ಸರಿ ಹೋಗತ್ತೆ.

ಸೀಟ್ ಹಾಕೋಕೆ ಮೊದ್ಲು

ಟ್ಯಾಂಕಿಗೆ ಕಮ್ಮಿ ಅಂದ್ರೆ ಐದು ಲೀಟರ್ ಹಾಕಿ. ಪಂಪನ್ನ ತಣ್ಣಗಿಡೋದು, ಅದಕ್ಕೆ ಎಣ್ಣೆ ಇದ್ದ ಹಾಗೆ ಇರೋದು, ಸುತ್ತ ಇರೋ ಪೆಟ್ರೋಲೇ, ಒಣಗಿದ ಟ್ಯಾಂಕಲ್ಲಿ ಓಡಿಸಿದ್ರೆ ಹೊಸ ಪಂಪ್ ಮೊದಲ ದಿನಾನೇ ಸವೆಯತ್ತೆ. ಆವಿ ಪೂರ್ತಿ ಹೋಗೋಕೆ ಎಲ್ಲಾ ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಡಿ, ಚೆಲ್ಲಿದ್ದನ್ನ ಒರೆಸಿ, ಒರೆಸಿದ ಬಟ್ಟೆ ದೂರ ಒಯ್ದು ಬಯಲಲ್ಲಿ ಹರಡಿ. ಆಮೇಲೆ ಫ್ಯೂಸ್, ಬ್ಯಾಟರಿ ಹಾಕಿ, ಕೀ ಆನ್ ಮಾಡಿ ಎರಡು ಸೆಕೆಂಡ್, ಆಫ್, ಹೀಗೆ ಮೂರು ನಾಲ್ಕು ಸಲ. ಲೈನ್ ತುಂಬಿದ್ಮೇಲೆ ಸೆಲ್ಫ್ ಹೊಡೀರಿ. ಇಂಜಿನ್ ಓಡ್ತಿರುವಾಗ ಪೈಪಿನ ಬುಡ, ರಿಂಗಿನ ಸುತ್ತ ಒಣ ಕಾಗದ ಒತ್ತಿ ನೋಡಿ, ಒದ್ದೆ ಆದ್ರೆ ತಕ್ಷಣ ಆಫ್ ಮಾಡಿ ಮತ್ತೆ ಬಿಗಿ ಮಾಡಿ. ಹತ್ತು ನಿಮಿಷ ಓಡ್ಲಿ, ಒಣಗೇ ಇದ್ರೆ ಮುಚ್ಚಳ ಹಾಕಿ, ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದ್ಯಾ ನೋಡ್ಕೊಳ್ಳಿ, ಆಮೇಲೇ ಸೀಟು. ನೇರ ಘಾಟಿಗೆ ಹೋಗ್ಬೇಡಿ, ಮನೆ ಹತ್ರದ ಒಂದು ಏರಲ್ಲಿ ಎರಡನೇ ಗೇರಲ್ಲಿ ಎಳೆಸಿ ನೋಡಿ.

ಇನ್ಮುಂದೆ ರಿಸರ್ವಲ್ಲಿ ಓಡಿಸ್ಬೇಡಿ. ನಮ್ಮ ರಸ್ತೇಲಿ ಏರು, ತಿರುವು, ಇಳಿಜಾರು, ಕಮ್ಮಿ ಪೆಟ್ರೋಲ್ ಇದ್ರೆ ಎಲ್ಲಾ ಒಂದು ಮೂಲೆಗೆ ಸರಿದು ಪಂಪ್ ಗಾಳಿ ಎಳೆಯತ್ತೆ.

ಹಳೇ ಪಂಪ್ ಎಸೆಯೋಕೆ ಮೊದ್ಲು ತಳದ ಜಾಲರಿ ಕತ್ತರಿಸಿ ಬಿಳಿ ಕಾಗದದ ಮೇಲೆ ಬಿಡಿಸಿ ನೋಡಿ. ಬರೀ ಕಪ್ಪು ನುಣ್ಣನೆ ಪುಡಿ ಇದ್ರೆ ವಯಸ್ಸಾಗಿ ಹೋಗಿದೆ. ಕೆಂಪು ತುಕ್ಕೋ ಮಣ್ಣೋ ಇದ್ರೆ, ನೀರಿನ ಗುರುತಿದ್ರೆ, ಟ್ಯಾಂಕ್ ತೊಳೆಸದೆ ಹೊಸ ಪಂಪ್ ಹಾಕಿದ್ದು ವ್ಯರ್ಥ. ಹಾಗಾಗಿ ಇದನ್ನ ಹಳೇದು ಹೊರಗೆ ಬಂದ ತಕ್ಷಣಾನೇ, ಹೊಸದು ಕೂರಿಸೋಕೆ ಮೊದ್ಲೇ ಮಾಡಿ. ಮರುದಿನ ಬೆಳಿಗ್ಗೆ ಹಂಡೆ ಒಲೆ ಹಚ್ಚೋಕೆ ಮುಂಚೆ ಕಾರಿನ ಹಿಂದಿನ ಬಾಗಿಲು ತೆಗೆದು ಮೂಗಿಟ್ಟು ನೋಡಿ. ಪೆಟ್ರೋಲ್ ವಾಸನೆ ಇಲ್ಲ ಅಂದ್ರೆ ಒಲೆ ಹಚ್ಚಿ.